ದಿನಚರಿ: ಒಂದು ಸೈಟಿಗೆ ಒಂದೇ ನಮೂದು

3 ನವೆಂಬರ್ 2025, ಸೋಮವಾರ. ಮೈಸೂರು.

ಮೈಸೂರು ಸೀಮೆಯ ರಿಯಲ್ ಎಸ್ಟೇಟ್ ಏಜೆಂಟರ ಜಂಟಿ ಆಸ್ತಿ ಪಟ್ಟಿ ಇವತ್ತು ಬೆಳಿಗ್ಗೆ 10ಕ್ಕೆ ಸದಸ್ಯರಿಗೆ ತೆರೆಯಿತು. ನಗರ, ಸುತ್ತಲಿನ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ, ಜೊತೆಗೆ ನಂಜನಗೂಡು ಮತ್ತು ಶ್ರೀರಂಗಪಟ್ಟಣ: ಸದ್ಯಕ್ಕೆ ವ್ಯಾಪ್ತಿ ಇಷ್ಟೇ. ಆಷಾಢದಲ್ಲೂ ಪಿತೃಪಕ್ಷದಲ್ಲೂ ಸೈಟು ನೋಡಲು ಪಾರ್ಟಿಗಳು ಬರುವುದು ಕಡಿಮೆ. ಆ ಬಿಡುವಿನಲ್ಲಿ ನಮೂದು ತುಂಬಿ, ದೀಪಾವಳಿ ಕಳೆದ ಮೇಲೆ ತೆರೆಯುವ ಲೆಕ್ಕ ಮೊದಲೇ ಆಗಿತ್ತು.

"ವಾಟ್ಸ್‌ಆ್ಯಪ್ ಗುಂಪುಗಳು ಇವೆಯಲ್ಲ, ಮತ್ತೊಂದು ಯಾಕೆ?" ಸೇರಲು ಬರುವವರೆಲ್ಲ ಮೊದಲು ಕೇಳುವುದು ಇದನ್ನೇ. ಉತ್ತರ ಪರೀಕ್ಷಾ ಪಟ್ಟಿಯಲ್ಲೇ ಇತ್ತು. ಮೂವರು ಹಾಕಿದ ಮೂರು ನಮೂದು:

ವಿಜಯನಗರ 4ನೇ ಹಂತ, 30×40, ಪೂರ್ವ, 78 ಲಕ್ಷ.
ವಿಜಯನಗರ 4ನೇ ಸ್ಟೇಜ್ 2ನೇ ಫೇಸ್, 1200 ಚದರಡಿ, ಈಸ್ಟ್ ಫೇಸಿಂಗ್, ಅಡಿಗೆ 6700.
ವಿಜಯ್ ನಗರ, 40×30, ಡೈರೆಕ್ಟ್ ಪಾರ್ಟಿ, 75, ಮಾತಾಡಬಹುದು.

ಮೂರೂ ಒಂದೇ ಸೈಟು. ಅಡಿಗೆ 6700 ಅಂದರೆ 80 ಲಕ್ಷ 40 ಸಾವಿರ. ಮಾಲೀಕರು ಬಾಯಲ್ಲಿ ಹೇಳಿದ್ದು 75. ಮೇಲಿನ ಮೂರು, ಐದು ಲಕ್ಷ ದಾರಿಯಲ್ಲಿ ಕೈ ಬದಲಾದಾಗ ಸೇರಿಕೊಂಡದ್ದು. ಕೊಳ್ಳುವವರು ಮೂರು ಬೆಲೆ ಕೇಳಿದ ಮೇಲೆ ಯಾರನ್ನೂ ನಂಬುವುದಿಲ್ಲ. ಸೈಟಿನ ಹತ್ತಿರ ಹೋಗಿ ಪಕ್ಕದ ಮನೆಯಲ್ಲಿ ಮಾಲೀಕರ ನಂಬರ್ ಕೇಳುತ್ತಾರೆ. ಅಲ್ಲಿಗೆ ಮೂವರ ಕಮಿಷನ್ನೂ ಹೋಯಿತು. ("ಡೈರೆಕ್ಟ್ ಪಾರ್ಟಿ", ಅಂದರೆ ನೇರ ಮಾಲೀಕರಿಂದಲೇ, ಎಂದು ಒತ್ತಿ ಬರೆದ ನಮೂದಿನ ಹಿಂದೆಯೇ ಮಧ್ಯವರ್ತಿಗಳ ಕೈಗಳು ಹೆಚ್ಚು, ಇದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು.)

ಆದ್ದರಿಂದ ಪಟ್ಟಿಯ ಮೊದಲ ನಿಯಮ: ಒಂದು ಆಸ್ತಿಗೆ ಒಂದೇ ನಮೂದು. ಅದನ್ನು ಗುರುತಿಸುವುದು ಬಡಾವಣೆ, ಸೈಟ್ ನಂಬರ್ ಮತ್ತು ಇ-ಖಾತೆಯ ಆಸ್ತಿ ಸಂಖ್ಯೆಯಿಂದ. ಕೃಷಿ ಜಮೀನಾದರೆ ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಉಪಭಾಗ). 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕೇಳುತ್ತಿರುವುದರಿಂದ, ನಿಜವಾಗಿ ಮಾರುವ ಮನಸ್ಸಿರುವ ಮಾಲೀಕರ ಬಳಿ ಆ ಸಂಖ್ಯೆ ಇದ್ದೇ ಇರಬೇಕು. ಇಲ್ಲವೆಂದರೆ ಅದೇ ಒಂದು ಸೂಚನೆ.

ಈ ಸಂಖ್ಯೆಗಳು ಇತರ ಸದಸ್ಯರಿಗೆ ಕಾಣಬಾರದು. ಕಂಡರೆ ಖಾತೆಯ ಜಾಡು ಹಿಡಿದು ನೇರ ಮಾಲೀಕರ ಬಾಗಿಲಿಗೆ ಹೋಗುವವರಿದ್ದಾರೆ. ನಂಬರ್ ಅನ್ನು ಹ್ಯಾಶ್ ಮಾಡಿ, ಅಂದರೆ ಮರಳಿ ಓದಲಾಗದ ಸಂಕೇತವಾಗಿ ಬದಲಿಸಿ, ಇಟ್ಟರೆ ಸಾಕು ಎಂಬ ಸಲಹೆ ಬಂದಿತ್ತು, ಸಾಲದು. ಒಂದು ಬಡಾವಣೆಯಲ್ಲಿ ಸೈಟುಗಳು ಹೆಚ್ಚೆಂದರೆ ಕೆಲವು ಸಾವಿರ. 1ರಿಂದ ಶುರುಮಾಡಿ ಒಂದೊಂದನ್ನೇ ಹ್ಯಾಶ್ ಮಾಡುತ್ತ ಹೋದರೆ ಕ್ಷಣದಲ್ಲಿ ಹೊಂದಾಣಿಕೆ ಸಿಕ್ಕಿಬಿಡುತ್ತದೆ. ಸರ್ವರ್‌ನಲ್ಲಿ ಮಾತ್ರ ಇರುವ ಗುಪ್ತ ಕೀಲಿ ಸೇರಿಸಿ ಹ್ಯಾಶ್ ಮಾಡಿದರೆ ಮಾತ್ರ ಗುಟ್ಟು ಉಳಿಯುತ್ತದೆ.

ಫೋಟೋ ಕೂಡ ಗುಟ್ಟು ಬಿಟ್ಟುಕೊಡುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಜಿಪಿಎಸ್ ಸ್ಥಾನ ಅಡಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಹಾಗಾಗಿ ಏರಿಸಿದ ಪ್ರತಿ ಚಿತ್ರದಿಂದಲೂ ಸ್ಥಾನದ ಮಾಹಿತಿ ತೆಗೆದು, ಉದ್ದನೆಯ ಬದಿ 1600 ಪಿಕ್ಸೆಲ್‌ಗೆ ಇಳಿಸುವ ಏರ್ಪಾಡು. ನಕ್ಷೆಯ ಮೇಲಿನ ಗುರುತಿನ ಅಕ್ಷಾಂಶ, ರೇಖಾಂಶವನ್ನು ದಶಾಂಶದ ಎರಡು ಸ್ಥಾನಕ್ಕೆ ಕತ್ತರಿಸಲಾಗಿದೆ. ಅಂದರೆ ಸುಮಾರು ಒಂದು ಕಿಲೋಮೀಟರ್ ಅಂದಾಜು. ಮೂರು ಸ್ಥಾನ ಬಿಟ್ಟರೆ ಸುಮಾರು 110 ಮೀಟರ್ ಆಗುತ್ತದೆ, ಖಾಲಿ ಬಡಾವಣೆಯಲ್ಲಿ ಸೈಟು ಹುಡುಕಲು ಅಷ್ಟು ಸಾಕು. "ಮಾರಾಟಕ್ಕಿದೆ" ಬೋರ್ಡು ಚಿತ್ರದಲ್ಲಿ ಕಂಡರೆ ವಾಪಸ್.

ಅಳತೆಯ ಕಾಲಂ ಎಲ್ಲಕ್ಕಿಂತ ಹೆಚ್ಚು ಕಾಡಿತು. 30×40 ಮತ್ತು 40×30 ಒಂದೇ ಅಲ್ಲ, ಯಾವ ಬದಿ ರಸ್ತೆಗೆ ಎಂಬುದು ಅದರಲ್ಲೇ ಇದೆ. ಆದರೆ ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ಬರೆಯುತ್ತಾರೆ. ಈಗ "ಪೂರ್ವ-ಪಶ್ಚಿಮ" ಮತ್ತು "ಉತ್ತರ-ದಕ್ಷಿಣ" ಎಂದು ತುಂಬಲು ಫಾರ್ಮಿನಲ್ಲಿ ಎರಡು ಪ್ರತ್ಯೇಕ ಮನೆ. ಅಳತೆ ಸಮವಿಲ್ಲದ ಸೈಟಿಗೆ ನಾಲ್ಕೂ ಬದಿ, ಚೆಕ್ಕುಬಂದಿಯಲ್ಲಿ ಇದ್ದಂತೆ. ಇನ್ನೊಂದು ಎಡವಟ್ಟು ಮೀಟರಿನದು. ಎಷ್ಟೋ ಬಡಾವಣೆಗಳಲ್ಲಿ ಸೈಟು ಇರುವುದು 9×12 ಮೀಟರ್. ಬಾಯಲ್ಲಿ ಎಲ್ಲರಿಗೂ ಅದು "ಥರ್ಟಿ ಫಾರ್ಟಿ". 108 ಚದರ ಮೀಟರ್ ಅಂದರೆ 1162.5 ಚದರಡಿ, 1200 ಅಲ್ಲ. ಅಡಿಗೆ 6500ರ ಕಡೆ ಈ 37.5 ಅಡಿಯ ವ್ಯತ್ಯಾಸ 2 ಲಕ್ಷ 43 ಸಾವಿರದ 750 ರೂಪಾಯಿ. ಅಗ್ರಿಮೆಂಟ್ ಬರೆಯುವ ದಿನ ಇದು ಹೊರಬಿದ್ದರೆ ವ್ಯವಹಾರ ಮುರಿಯುತ್ತದೆ. ಪತ್ರದಲ್ಲಿ ಯಾವ ಮಾನವಿದೆಯೋ ಅದರಲ್ಲೇ ಬರೆಯಬೇಕು, ಪರಿವರ್ತನೆ ಯಂತ್ರ ಮಾಡಿಕೊಳ್ಳುತ್ತದೆ.

ಜಮೀನಿನದು ಇನ್ನೂ ಅಪಾಯ. ಪಹಣಿಯಲ್ಲಿ 1.20 ಎಂದರೆ 1 ಎಕರೆ 20 ಗುಂಟೆ, ಅಂದರೆ 60 ಗುಂಟೆ. ಕಂಪ್ಯೂಟರ್ ಅದನ್ನು ದಶಾಂಶವೆಂದು ಓದಿ 48 ಗುಂಟೆ ಮಾಡುತ್ತದೆ. ಹನ್ನೆರಡು ಗುಂಟೆ ಮಾಯ. ಎಕ್ಸೆಲ್ ಹಾಳೆಯಿಂದ ತಂದ ಹಳೆಯ ಪಟ್ಟಿಗಳಲ್ಲಿ ಸರ್ವೆ ನಂಬರ್ 12/3 ತಾರೀಖಾಗಿ ತಿರುಗಿ ಕೂತಿತ್ತು. ಆ ಕಾಲಂ ಅನ್ನು ಮೊದಲೇ ಅಕ್ಷರ ಮಾದರಿಗೆ ಬದಲಿಸದಿದ್ದರೆ ಆಮೇಲೆ ಮೂಲ ಸಂಖ್ಯೆ ಸಿಗುವುದಿಲ್ಲ. ಎಕರೆಗೂ ಗುಂಟೆಗೂ ಈಗ ಬೇರೆ ಬೇರೆ ಮನೆ. ಗುಂಟೆಯ ಮನೆಯಲ್ಲಿ 39ಕ್ಕಿಂತ ಹೆಚ್ಚು ಹಾಕಲು ಬರುವುದಿಲ್ಲ.

ಬೆಲೆಯ ಕಾಲಂನಲ್ಲಿ "75" ಎಂದರೆ ಯಂತ್ರಕ್ಕೆ ಎಪ್ಪತ್ತೈದು ರೂಪಾಯಿ. ಅಂಕಿ ಹಾಕಿದ ಕೂಡಲೇ ಕೆಳಗೆ ಅಕ್ಷರದಲ್ಲಿ "ಎಪ್ಪತ್ತೈದು ಲಕ್ಷ" ಎಂದು ತೋರಿಸುವಂತೆ ಮಾಡಿದ ಮೇಲೆ ಈ ತಪ್ಪು ನಿಂತಿತು. ಬೆಲೆಯ ಕೆಳಗೆ ನೋಂದಣಿ ಖರ್ಚಿನ ಅಂದಾಜೂ ಬರುತ್ತದೆ. ಮುದ್ರಾಂಕ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 0.6, ನೋಂದಣಿ ಶುಲ್ಕ 2: ನಗರದಲ್ಲಿ ಒಟ್ಟು ಶೇ 7.6. ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2ಕ್ಕೆ ಏರಿದ್ದು ಸೂತ್ರದಲ್ಲಿ ಬದಲಾಗಿರಲಿಲ್ಲ, ಶನಿವಾರ ಕಣ್ಣಿಗೆ ಬಿತ್ತು. 75 ಲಕ್ಷದ ಸೈಟಿಗೆ 75 ಸಾವಿರ ಕಡಿಮೆ ತೋರಿಸುತ್ತಿತ್ತು. ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ ಎಂಬ ಸಾಲನ್ನೂ ಸೇರಿಸಲಾಯಿತು.

ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ನಮೂದು ಇಲ್ಲ. ಒಂದೇ ಪುಟ: ಆಸ್ತಿಯ ಷೆಡ್ಯೂಲ್, ಕೇಳುವ ಬೆಲೆ, 90 ದಿನದ ಅವಧಿ, ಕಮಿಷನ್ ಎಷ್ಟು ಮತ್ತು ಯಾವಾಗ, ಇತರ ಸದಸ್ಯರೊಂದಿಗೆ ಮಾಹಿತಿ ಹಂಚಿಕೊಳ್ಳಲು ಅನುಮತಿ, ಕೊನೆಯಲ್ಲಿ ಸಹಿ. ಜಂಟಿ ಮಾಲೀಕತ್ವವಾದರೆ ಎಲ್ಲರ ಸಹಿ. ಅಣ್ಣನೊಬ್ಬ ಸಹಿ ಹಾಕಿ "ತಮ್ಮಂದಿರದ್ದು ನಾನು ನೋಡಿಕೊಳ್ಳುತ್ತೇನೆ" ಎಂದರೆ ನಮೂದು ಕಾಯಲಿ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಹಿಡಿದು ಬಂದವರಾದರೆ ನೋಂದಾಯಿತ ಜಿಪಿಎ ಪ್ರತಿ ಬೇಕು, ಮೂಲ ಮಾಲೀಕರಿಗೆ ಒಂದು ಫೋನೂ ಹೋಗಬೇಕು. ಜಿಪಿಎ ಮೇಲಿನ ಮಾರಾಟದಿಂದ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ತೆಗೆದ ಇಸಿ (ಋಣಭಾರ ಪ್ರಮಾಣಪತ್ರ). ಆನ್‌ಲೈನ್ ಇಸಿ 1-4-2004ರಿಂದ ಈಚಿನದು, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಲೇಬೇಕು. ಜಮೀನಾದರೆ ಇದು ಮಂಜೂರಾದ ಭೂಮಿಯೇ ಎಂದು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಟ್ಟಿದ್ದರೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಈ ಕಾಗದಗಳು ಪಟ್ಟಿಯಲ್ಲಿ ಕಾಣುವುದಿಲ್ಲ, "ಪತ್ರ ನೋಡಿದೆ" ಎಂಬ ಗುರುತು ಮತ್ತು ತಾರೀಖು ಮಾತ್ರ ಕಾಣುತ್ತದೆ. ಆಧಾರ್ ಪ್ರತಿ ತೆಗೆದುಕೊಳ್ಳುವುದೇ ಇಲ್ಲ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ವಿಚಾರ ಚಿಕ್ಕದು. ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಯೋಜನೆಯ ಹೊಸ ಮಾರಾಟವಾದರೆ ಯೋಜನೆಯ ನೋಂದಣಿ ಸಂಖ್ಯೆ ಕಡ್ಡಾಯ, ಅದನ್ನು ಮಾರಿಸಲು ಏಜೆಂಟರಿಗೂ ಸೆಕ್ಷನ್ 9ರ ನೋಂದಣಿ ಬೇಕು. ಕರ್ನಾಟಕದಲ್ಲಿ ವ್ಯಕ್ತಿಗೆ 25 ಸಾವಿರ, ಸಂಸ್ಥೆಗೆ 2 ಲಕ್ಷ, ಅವಧಿ 5 ವರ್ಷ. ಯೋಜನೆಯ ಸಂಖ್ಯೆ ತುಂಬುವ ಮನೆಯಲ್ಲಿ ತಮ್ಮದೇ ಏಜೆಂಟ್ ಸಂಖ್ಯೆ ಅಂಟಿಸುವವರು ಹಲವರು. ಸಂಖ್ಯೆಯ ನಡುವೆ ಎಜಿ ಇದ್ದರೆ ಏಜೆಂಟ್, ಪಿಆರ್ ಇದ್ದರೆ ಯೋಜನೆ. ಈಗ ಫಾರ್ಮೇ ತಡೆಯುತ್ತದೆ.

ಇನ್ನು ಕಮಿಷನ್. ಇಲ್ಲಿ ಮಾರುವವರು ತಮ್ಮ ಏಜೆಂಟರಿಗೆ, ಕೊಳ್ಳುವವರು ತಮ್ಮ ಏಜೆಂಟರಿಗೆ ಕೊಡುವುದೇ ರೂಢಿ. ಹಾಗೆ ಎರಡೂ ಕಡೆಯಿಂದ ಬಂದರೆ ಹಂಚಿಕೆಯ ಮಾತೇ ಇಲ್ಲ. ಒಂದೇ ಕಡೆಯಿಂದ ಬಂದರೆ ಬಂದದ್ದರಲ್ಲಿ ಅರ್ಧರ್ಧ, ಬಂದ 3 ದಿನದೊಳಗೆ. 75 ಲಕ್ಷಕ್ಕೆ ಶೇ 2 ಎಂದರೆ ಒಂದೂವರೆ ಲಕ್ಷ, ತಲಾ 75 ಸಾವಿರ. ಜಿಎಸ್‌ಟಿ ನೋಂದಣಿ ಇರುವವರು ತಮ್ಮ ಪಾಲಿಗೆ ಶೇ 18 ಸೇರಿಸಿ ಬಿಲ್ ಕೊಡಬೇಕು. ಪ್ರತಿ ಬದಿಗೆ ಒಬ್ಬರೇ ಏಜೆಂಟ್. ನಡುವೆ ನಾಲ್ಕು ಜನ ಸೇರಿಕೊಂಡರೆ ಅವರವರೇ ಹಂಚಿಕೊಳ್ಳಲಿ, ಪಟ್ಟಿ ಅದರಲ್ಲಿ ತಲೆ ಹಾಕುವುದಿಲ್ಲ.

"ಎಲ್ಲರೂ ಶೇ 2 ಎಂದೇ ನಿಗದಿ ಮಾಡಿಬಿಡೋಣ" ಎಂಬ ಒತ್ತಾಯ ಜೋರಾಗಿಯೇ ಇತ್ತು. ಅದನ್ನು ಒಪ್ಪದೇ ಇದ್ದದ್ದು ಸರಿ. ಸ್ಪರ್ಧಿಗಳು ಕೂತು ದರ ನಿಗದಿ ಮಾಡುವುದು 2002ರ ಸ್ಪರ್ಧಾ ಕಾಯ್ದೆಯ ಸೆಕ್ಷನ್ 3ಕ್ಕೆ ವಿರುದ್ಧ. ಇಂಥ ಪಟ್ಟಿಗಳು ನೂರು ವರ್ಷದಿಂದ ನಡೆಯುತ್ತಿರುವ ಅಮೆರಿಕದಲ್ಲೇ 2023ರ ಅಕ್ಟೋಬರ್‌ನಲ್ಲಿ ಕಾನ್ಸಾಸ್ ಸಿಟಿಯ ಜ್ಯೂರಿ ಏಜೆಂಟರ ರಾಷ್ಟ್ರೀಯ ಸಂಘದ ಕಮಿಷನ್ ನಿಯಮದ ವಿರುದ್ಧ ತೀರ್ಪು ಕೊಟ್ಟಿತು. ಸಂಘ 41.8 ಕೋಟಿ ಡಾಲರ್‌ಗೆ ರಾಜಿಯಾಯಿತು, 2024ರ ಆಗಸ್ಟ್ 17ರಿಂದ ಅಲ್ಲಿನ ಪಟ್ಟಿಗಳಲ್ಲಿ ಎದುರು ಏಜೆಂಟರಿಗೆ ಇಷ್ಟು ಕೊಡುತ್ತೇವೆ ಎಂದು ಬರೆಯುವುದೇ ನಿಂತಿತು. ದರ ಮಾಲೀಕರ ಮತ್ತು ಅವರ ಏಜೆಂಟರ ನಡುವಿನ ಮಾತು. ಪಟ್ಟಿ ಕೇಳುವುದು ಅದನ್ನು ಬರೆದಿಟ್ಟಿದ್ದೀರಾ ಎಂದಷ್ಟೇ.

ಜಗಳ ಬರುವುದು "ಈ ಪಾರ್ಟಿ ನಂದು" ಎಂಬಲ್ಲಿ. ಸೈಟು ತೋರಿಸುವ ಮೊದಲು ಕೊಳ್ಳುವವರ ಹೆಸರು ಮತ್ತು ಮೊಬೈಲಿನ ಕೊನೆಯ 4 ಅಂಕಿ ದಾಖಲಿಸಬೇಕು. ಆ ಪಾರ್ಟಿಯ ಮೇಲೆ ದಾಖಲಿಸಿದ ಏಜೆಂಟರ ಹಕ್ಕು 60 ದಿನ ಉಳಿಯುತ್ತದೆ. ಗಂಡನ ನಂಬರಿನಲ್ಲಿ ನೋಡಿ ಹೆಂಡತಿಯ ಹೆಸರಿಗೆ ನೋಂದಣಿ ಮಾಡಿಸುವುದು ಇಲ್ಲಿ ಸಾಮಾನ್ಯ, ಆದ್ದರಿಂದ ಹಕ್ಕು ಕುಟುಂಬಕ್ಕೆ ಅನ್ವಯ.

ಇವತ್ತಿನ ನಿಜವಾದ ತೊಡಕು ಎಸ್ಸೆಮ್ಮೆಸ್. ಓಟಿಪಿ ಸರಿಯಾಗಿಯೇ ಬಂತು, ಕೈಕೊಟ್ಟದ್ದು ಆಸ್ತಿ ಇನ್ನೂ ಇದೆಯೇ ಎಂದು ಏಜೆಂಟರನ್ನು ಕೇಳುವ ನೆನಪೋಲೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಸಂದೇಶದ ಮಾದರಿ ಮೊದಲೇ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಣಿಯಾಗಿರಬೇಕು, ಅದರಲ್ಲಿ ಬದಲಾಗುವ ಪ್ರತಿ ಭಾಗಕ್ಕೆ 30 ಅಕ್ಷರದ ಮಿತಿ. ಆಸ್ತಿಯ ಪೂರ್ತಿ ಶೀರ್ಷಿಕೆಯನ್ನು ಅಲ್ಲಿ ತುರುಕಿದ್ದೆವು. ಉದ್ದ ಹೆಸರಿನ ಬಡಾವಣೆಗಳ ಸಂದೇಶವೆಲ್ಲ ಬಿದ್ದುಹೋದವು. ಕನ್ನಡದ ಎಸ್ಸೆಮ್ಮೆಸ್ ಒಂದಕ್ಕೆ 70 ಅಕ್ಷರ ಮಾತ್ರ, ಒತ್ತಕ್ಷರ, ಸ್ವರಚಿಹ್ನೆ ಎಲ್ಲವೂ ಎಣಿಕೆಗೆ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ಶೀರ್ಷಿಕೆ ತೆಗೆದು ನಮೂದಿನ ಸಂಖ್ಯೆ ಮಾತ್ರ ಇಟ್ಟ ಮೇಲೆ ಹೋಗತೊಡಗಿದವು.

ಆ ನೆನಪೋಲೆ ಮೇಲೆಯೇ ಪಟ್ಟಿಯ ಜೀವ ನಿಂತಿದೆ. ಬಾಡಿಗೆ, ಭೋಗ್ಯದ ಮನೆಗೆ 7 ದಿನಕ್ಕೊಮ್ಮೆ, ಸೈಟು ಮತ್ತು ಮನೆಗೆ 30 ದಿನಕ್ಕೊಮ್ಮೆ "ಇನ್ನೂ ಇದೆಯೇ?" ಎಂದು ಕೇಳುತ್ತದೆ, 48 ಗಂಟೆಯಲ್ಲಿ ಉತ್ತರ ಬರದಿದ್ದರೆ ನಮೂದು ತಾನೇ ಮರೆಯಾಗುತ್ತದೆ. ಟೋಕನ್ (ಮುಂಗಡ) ಆದ ಕೂಡಲೇ ತೆಗೆಯುವುದಿಲ್ಲ. ಬಿ ಖಾತೆ (ಅನುಮೋದನೆ ಪೂರ್ತಿ ಇಲ್ಲದ ಆಸ್ತಿಯ ಖಾತೆ) ಎಂದು ಬ್ಯಾಂಕ್ ಸಾಲ ನಿರಾಕರಿಸಿ ಟೋಕನ್ ವಾಪಸಾಗುವುದು ಇದ್ದದ್ದೇ. "ಟೋಕನ್ ಆಗಿದೆ" ಎಂಬ ಸ್ಥಿತಿಯಲ್ಲಿ ಕಾಣುತ್ತಿರುತ್ತದೆ. ನೋಂದಣಿಯಾದ ದಿನವೇ ತೆಗೆಯಬೇಕು. ಮೂರು ಸಲ ತಪ್ಪಿದವರ ಹೊಸ ನಮೂದು 15 ದಿನ ಸ್ಥಗಿತ.

ಒಂದು ಕಾಲಂ ಬೇಕೆಂದೇ ಬಿಟ್ಟಿದ್ದೇವೆ: ಕೊನೆಗೆ ಕುದುರಿದ ಬೆಲೆ. ಹೊರದೇಶದ ಪಟ್ಟಿಗಳಿಗೆ ಬೆಲೆ ಬಂದದ್ದೇ ಆ ಅಂಕಿಯಿಂದ. ಇಲ್ಲಿ ಪತ್ರದಲ್ಲಿ ಬರೆದದ್ದೂ ಕೈಗೆ ಬಂದದ್ದೂ ಒಂದೇ ಆಗುವ ತನಕ ಆ ಕಾಲಂ ತೆರೆದರೆ ತುಂಬುವುದು ಸುಳ್ಳೇ, ಅದರ ಮೇಲೆ ಮುಂದಿನವರು ಲೆಕ್ಕ ಹಾಕುತ್ತಾರೆ.

ನಾಳೆಗೆ: ಬಡಾವಣೆಗಳ ಹೆಸರಿನ ಪಟ್ಟಿ ಸರಿಪಡಿಸಬೇಕು. ಬೆಂಗಳೂರಿನಲ್ಲೂ ಇರುವ ವಿಜಯನಗರ, ಜೆ.ಪಿ. ನಗರ, ಹೆಬ್ಬಾಳಗಳಿಗೆ "ಮೈಸೂರು" ಅಂಟಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಾದ ವಿವರಣೆಗಳನ್ನು ಯೂನಿಕೋಡ್‌ಗೆ ಬದಲಿಸದೆ ಹುಡುಕಾಟಕ್ಕೆ ಸಿಗುವುದಿಲ್ಲ, ಅದೂ ಬಾಕಿ. ವಿಜಯನಗರದ ಆ ಮೂವರಲ್ಲಿ ಒಪ್ಪಿಗೆ ಪತ್ರ ತಂದವರು ಇನ್ನೂ ಯಾರೂ ಇಲ್ಲ. ಬುಧವಾರದವರೆಗೆ ಕಾದು ಮೂರನ್ನೂ ತೆಗೆಯುವುದು.