ಆ ದುಡ್ಡನ್ನೇ ಕಳಿಸಬಹುದಿತ್ತಲ್ವಾ?

ಊರು ಬಿಟ್ಟು ಓಡಬೇಕಾದ ಇರಾಕಿನ ಕ್ರೈಸ್ತರನ್ನು ನೋಡಲು ಜೋರ್ಡಾನ್‌ಗೋ ಇರಾಕ್‌ಗೋ ಹೋಗಿ ಬಂದಾಗಲೆಲ್ಲ ಈ ಪ್ರಶ್ನೆ ಕಾದಿರುತ್ತದೆ. ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ಆರಾಧನೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳುತ್ತಾರೆ. "ವಿಮಾನಕ್ಕೆ ಅಷ್ಟೊಂದು ಸುರಿಯೋ ಬದಲು ಆ ದುಡ್ಡನ್ನೇ ಆ ಜನಕ್ಕೆ ಕಳಿಸಬಹುದಿತ್ತಲ್ವಾ?"

ಕಳಿಸಬಹುದಿತ್ತು. ಜೋರ್ಡಾನ್ ರಾಜಧಾನಿ ಅಮ್ಮಾನ್‌ನಲ್ಲಿ ಬಾಡಿಗೆ ಕಟ್ಟಲಾಗದೆ ಕೂತ ಮನೆಯವರಿಗೆ ನನ್ನ ಮುಖಕ್ಕಿಂತ ಹತ್ತು ದಿನಾರ್ ಜಾಸ್ತಿ ಉಪಯೋಗ. ಹೋಗೋದಾ, ಕಳಿಸೋದಾ, ಎರಡರಲ್ಲಿ ಒಂದೇ ಆಗುತ್ತದೆ ಅನ್ನುವವರು ಖಂಡಿತ ಕಳಿಸಲಿ. ಇಷ್ಟು ಒಪ್ಪಿಕೊಂಡ ಮೇಲೂ ನಾನು ಯಾಕೆ ಹೋಗುತ್ತೇನೆ ಅಂತ ಹೇಳಬೇಕು.

ಮೊದಲು ಆ ಜನ ಯಾರು ಅನ್ನೋದು. 2014ರ ಜೂನ್‌ನಲ್ಲಿ ಐಸಿಸ್ ಉಗ್ರರು ಇರಾಕಿನ ಮೊಸುಲ್ ನಗರವನ್ನು ಹಿಡಿದರು. ಬೈಬಲ್‌ನ ಪ್ರವಾದಿ ಯೋನನು ಹೋಗಲಾರೆ ಎಂದು ಓಡಿಹೋದ ನಿನೆವೆ ಇದ್ದದ್ದು ಇಲ್ಲೇ. ಜುಲೈನಲ್ಲಿ ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಅರೇಬಿಕ್‌ನ 'ನೂನ್' ಅಕ್ಷರ ಬರೆದರು. ನಸ್ರಾನಿ, ಅಂದರೆ ಕ್ರೈಸ್ತ, ಅನ್ನೋದರ ಮೊದಲ ಅಕ್ಷರ ಅದು. ಮತಾಂತರವಾಗಿ, ಇಲ್ಲ ಜಿಜಿಯಾ (ಮುಸ್ಲಿಮರಲ್ಲದವರ ಮೇಲಿನ ತೆರಿಗೆ) ಕೊಡಿ, ಇಲ್ಲ ಊರು ಬಿಡಿ. ಯಾವುದೂ ಆಗದಿದ್ದರೆ ಕತ್ತಿ. ಬಿಟ್ಟು ಹೊರಟವರ ದುಡ್ಡು, ಒಡವೆಯನ್ನೂ ದಾರಿಯಲ್ಲಿ ಕಿತ್ತುಕೊಂಡರು. ಆಗಸ್ಟ್ 6ರ ರಾತ್ರಿ ಕರಾಕೋಶ್ ಬಿತ್ತು. ಸುಮಾರು 50 ಸಾವಿರ ಜನರಿದ್ದ, ಇರಾಕಿನ ಅತಿ ದೊಡ್ಡ ಕ್ರೈಸ್ತ ಪಟ್ಟಣ. ಒಂದೇ ರಾತ್ರಿಯಲ್ಲಿ ಖಾಲಿಯಾಯಿತು. ಉತ್ತರ ಇರಾಕಿನ ಎರ್ಬಿಲ್ ನಗರದ ಪಕ್ಕದ ಅಂಕಾವದಲ್ಲಿ ಚರ್ಚ್ ಅಂಗಳದಲ್ಲಿ, ಕಟ್ಟಿ ಮುಗಿಯದ ಮಾಲ್ ಒಂದರಲ್ಲಿ ಜನ ಮಲಗಿದರು. ಆಮೇಲೆ ಎಷ್ಟೋ ಮಂದಿ ಜೋರ್ಡಾನ್‌ಗೆ ಬಂದರು, ಅಲ್ಲಿಂದ ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಹೋಗುವ ಆಸೆಯಲ್ಲಿ.

ಆ ಆಸೆ ವರ್ಷಗಟ್ಟಲೆ ಎಳೆಯುತ್ತದೆ. ಜೋರ್ಡಾನ್ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಸಿರಿಯಾದವರಿಗೆ 2016ರಿಂದ ಕೆಲಸದ ಪರವಾನಗಿಯ ದಾರಿ ತೆರೆಯಿತು, ಇರಾಕಿನವರಿಗೆ ಅದೂ ಇಲ್ಲ. ಇವರು ಡೇರೆಗಳಲ್ಲಿ ಇರುವವರಲ್ಲ, ನಗರದ ಬಾಡಿಗೆ ಮನೆಗಳಲ್ಲಿ ಇರುವವರು. ಹಾಗಾಗಿ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಇಂಜಿನಿಯರ್ ಆಗಿದ್ದವನು ಬೆಳಗ್ಗೆ ಎದ್ದು ಮಾಡೋಕೆ ಏನೂ ಇಲ್ಲದೆ ಕೂರುತ್ತಾನೆ. ಯಾರೋ ಕೊಟ್ಟದ್ದನ್ನು ತಿನ್ನಬೇಕು, ಯಾರೋ ಕೊಟ್ಟದ್ದನ್ನು ಉಡಬೇಕು, ಪ್ರತಿ ಸಲವೂ ಥ್ಯಾಂಕ್ಸ್ ಹೇಳಬೇಕು.

ಮೊದಲ ಸಲ ಹೋದಾಗ ನಾನೊಂದು ದಡ್ಡ ಕೆಲಸ ಮಾಡಿದೆ. ಒಬ್ಬ ತಾಯಿಯ ಮುಂದೆ ಫೋನ್ ಇಟ್ಟು, "ಆ ರಾತ್ರಿ ಏನಾಯಿತು ಹೇಳಿ" ಎಂದೆ. ಹೇಳಿದರು. ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ, ಎಲ್ಲೂ ತಡವರಿಸದೆ. ಎಷ್ಟು ಜನ ಬಂದು ಹೀಗೆ ಫೋನ್ ಇಟ್ಟಿರಬಹುದು ಅಂತ ಆಗ ಹೊಳೆಯಿತು. ರೆಕಾರ್ಡಿಂಗ್ ಅಳಿಸಿ ಫೋನನ್ನು ಚೀಲಕ್ಕೆ ಹಾಕಿದೆ. ಏನು ಮಾತಾಡಬೇಕೋ ತಿಳಿಯದೆ ಸುಮ್ನೆ ಕೂತೆ.

ಅವರು ಎದ್ದು ಹೋಗಿ ಚಹಾಕ್ಕೆ ಇಟ್ಟರು. ಮಗನನ್ನು ಮೇಲಿನ ಮನೆಗೆ ಓಡಿಸಿದರು. ಇದ್ದ ಇಸ್ತಿಕಾನ್‌ಗಳು ಸಾಲುತ್ತಿರಲಿಲ್ಲ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟಗಳು ಅವು, ಅರ್ಧದಷ್ಟು ಸಕ್ಕರೆಯೇ. ಜೊತೆಗೆ ಕ್ಲೇಚಾ, ಖರ್ಜೂರ ತುಂಬಿದ ಬಿಸ್ಕತ್ತು. ನಾನು ಎರಡು ತಿಂದು ಸಾಕು ಎಂದೆ. ಅವರು ಒಪ್ಪಲಿಲ್ಲ, ಬೈದರು. ಬೈಯುವಾಗ ಆ ಮುಖ ಬೇರೆಯೇ ಆಗಿತ್ತು. ಇಷ್ಟು ಹೊತ್ತು ನನ್ನ ಮುಂದೆ ಕೂತಿದ್ದವರು ನಿರಾಶ್ರಿತೆ. ಈಗ ಆಕೆ ಮನೆಯೊಡತಿ, ನಾನು ಅತಿಥಿ. ಆಮೇಲೆ ಮಾತು ತಾನಾಗಿಯೇ ಬಂತು, ಸೊಸೆಯ ಮೇಲಿನ ದೂರಿನ ಸಮೇತ.

ನನ್ನ ಉತ್ತರ ಇದೇ. ದುಡ್ಡು ಕಳಿಸಿದರೆ ಅವರು ತೆಗೆದುಕೊಳ್ಳುವವರಾಗಿಯೇ ಉಳಿಯುತ್ತಾರೆ. ಮನೆ ಬಾಗಿಲಿಗೆ ಹೋದರೆ ಅವರಿಗೂ ಏನಾದರೂ ಕೊಡುವುದಕ್ಕೆ ಆಗುತ್ತದೆ. ನಾನು ಹೋಗೋದು ಸಹಾಯ ಮಾಡೋಕೆ ಅಂತ ಈಗ ಹೇಳುವುದಿಲ್ಲ. ಬಡಿಸಿಕೊಳ್ಳೋಕೆ ಹೋಗುತ್ತೇನೆ. ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ನಿಜ.

ಇನ್ನೊಂದು ಕಾರಣವಿದೆ, ಅದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಸೇವೆ ಮಾಡುವವರು. ಹಗಲೆಲ್ಲ ಬಾಡಿಗೆ, ಔಷಧಿ, ಮಕ್ಕಳ ಪಾಠ ಅಂತ ಓಡುವ ಫಾದರ್‌ಗಳು, ಸಿಸ್ಟರ್‌ಗಳು, ಪಾಸ್ಟರ್‌ಗಳು. ಎಲ್ಲರ ಕಥೆಯೂ ಅವರ ಕಿವಿಗೆ ಬೀಳುತ್ತದೆ. ಅವರ ಕಥೆ ಕೇಳುವವರಿಲ್ಲ. ಅಂಕಾವದಲ್ಲಂತೂ ನಿರಾಶ್ರಿತರ ಜೊತೆ ಓಡಿಬಂದ ಪಾದ್ರಿಗಳೇ ನಿರಾಶ್ರಿತರನ್ನು ನೋಡಿಕೊಂಡರು. ಅವರ ಮನೆಯೂ ಹೋಗಿತ್ತಲ್ವಾ? ಅಮ್ಮಾನ್‌ನ ಒಬ್ಬ ಸಿಸ್ಟರ್ ನನ್ನ ಜೊತೆ ಒಂದು ಗಂಟೆ ಮಾತಾಡಿದರು. ಅದರಲ್ಲಿ ನಿರಾಶ್ರಿತರ ವಿಷಯ ಬರಲೇ ಇಲ್ಲ. ತಮ್ಮ ನಿದ್ದೆ ಹಾಳಾದದ್ದು, ಮಂಡಿ ನೋವು, ತೀರಿಕೊಂಡ ಅಮ್ಮ. ಇಂಥದ್ದಕ್ಕೆ ಯಾವ ಸಂಸ್ಥೆಯ ಅರ್ಜಿಯಲ್ಲೂ ಜಾಗ ಇರುವುದಿಲ್ಲ.

ಕರಾಕೋಶ್‌ಗೆ ಹೋದದ್ದು ಆಮೇಲೆ. 2016ರ ಅಕ್ಟೋಬರ್‌ನಲ್ಲಿ ಪಟ್ಟಣ ಬಿಡುಗಡೆಯಾಯಿತು, ಸುಮಾರು ಅರ್ಧದಷ್ಟು ಜನ ಮರಳಿದರು. ಅಲ್ ತಾಹಿರಾ ಚರ್ಚಿಗೆ ಐಸಿಸ್ ಬೆಂಕಿ ಹಚ್ಚಿತ್ತು, ಅದರ ಅಂಗಳದಲ್ಲಿ ಗುಂಡು ಹೊಡೆಯುವ ಅಭ್ಯಾಸ ಮಾಡಿತ್ತು. ಅದೇ ಚರ್ಚಿಗೆ 2021ರ ಮಾರ್ಚ್ 7ರಂದು ಪೋಪ್ ಫ್ರಾನ್ಸಿಸ್ ಬಂದರು. ನಾನು ಹೋದಾಗ ಪೂಜೆ ನಡೆಯುತ್ತಿತ್ತು, ಯೇಸು ಆಡುತ್ತಿದ್ದ ಅರಾಮಿಕ್‌ನ ಮೊಮ್ಮಗಳಂಥ ಭಾಷೆಯಲ್ಲಿ. ಒಂದು ಪದವೂ ತಿಳಿಯಲಿಲ್ಲ, 'ಆಮೆನ್' ಬಿಟ್ಟು.

ಹೋಗುವ ಮನಸ್ಸಿದ್ದವರಿಗೆ ಎರಡು ಮಾತು. ಮುಖದ ಫೋಟೋ ತೆಗೆದು ಹಾಕಬೇಡಿ, ಆ ಮನೆಯವರ ನೆಂಟರು ಇನ್ನೂ ಇರಾಕಿನಲ್ಲೇ ಇರುತ್ತಾರೆ. ವೀಸಾ ವಿಷಯದಲ್ಲಿ "ನೋಡೋಣ" ಅನ್ನಲೂ ಬೇಡಿ. ನಿಮಗೆ ಅದು ಬರೀ ಮಾತು. ಅವರು ಅದನ್ನೇ ಹಿಡಿದುಕೊಂಡು ಆರು ತಿಂಗಳು ಕಾಯುತ್ತಾರೆ.

ಕಳೆದ ಸಲ ಆ ಸಿಸ್ಟರ್‌ಗೆ ಮೊದಲೇ ಫೋನ್ ಮಾಡಿ, ಏನು ತರಲಿ ಎಂದು ಕೇಳಿದೆ. ಏನೂ ಬೇಡ ಎಂದರು. "ಎಷ್ಟು ದಿನ ಇರ್ತೀಯ?" ನಾಲ್ಕು ದಿನ ಎಂದೆ. ಅವರು ಏನೂ ಹೇಳಲಿಲ್ಲ. ಆ ಸಂಜೆಯೇ ಟಿಕೆಟ್ ಬದಲಾಯಿಸಿದೆ. ಅದಕ್ಕೆ ಮತ್ತಷ್ಟು ದುಡ್ಡು ಹೋಯಿತು.