ಹದಿಮೂರನೆಯ ಮನೆ ಖಾಲಿ

ವಂಶಾವಳಿ ಸಂಘವೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಹಳೆಯ ಕಡತಗಳನ್ನು ಕೈಗಿಡುತ್ತಾರೆ ಎಂದುಕೊಂಡು ಹೋದರೆ ಮೊದಲ ದಿನ ಕೊಟ್ಟಿದ್ದು ಪೂರ್ವಜರ ಹೆಸರು ತುಂಬಲು ಸಂಖ್ಯೆ ಹಾಕಿದ ಚೌಕಮನೆಗಳನ್ನು ಸಾಲುಸಾಲಾಗಿ ಗೀಚಿದ ಒಂದು ಹಾಳೆ, ಒಂದು ಪೆನ್ಸಿಲ್. ಪೆನ್ನಿಗೆ ಅಲ್ಲಿ ಪ್ರವೇಶವೇ ಇಲ್ಲ. ನಾವು ತಪ್ಪು ಬರೆದೇ ಬರೆಯುತ್ತೇವೆ ಎಂಬ ನಂಬಿಕೆ ಇರಬೇಕು.

ಲೆಕ್ಕ ಸರಳ. ನಾನು 1. ಯಾರ ಸಂಖ್ಯೆಯನ್ನಾದರೂ ಇಮ್ಮಡಿ ಮಾಡಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. 1590ರಲ್ಲೇ ಮಿಖಾಯೆಲ್ ಐಟ್ಸಿಂಗರ್ ಎಂಬಾತ ಪ್ರಕಟಿಸಿದ ಕ್ರಮವಂತೆ. 2, 3, 4 ಸರಾಗವಾಗಿ ತುಂಬಿದವು. 13ಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಅಮ್ಮನ ಅಪ್ಪನ ಅಮ್ಮ. ಆಕೆಯ ಸಿಟ್ಟಿನ ಕಥೆಗಳು ನಾಲ್ಕಾರು ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ಅಜ್ಜಿ ಎಂದೇ ಕರೆಯುತ್ತಿದ್ದೆವು, ಹೆಸರು ಯಾರು ಕೇಳಿದರು?" ಎಂದಳು.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಹಾಳೆಯನ್ನು ಇಣುಕಿ ನೋಡಿ, "ಕಾಗದಪತ್ರ ಆಮೇಲೆ ಹುಡುಕಬಹುದು, ಬದುಕಿರುವ ಹಿರಿಯರನ್ನು ಮೊದಲು ಕೇಳಿ ಬನ್ನಿ" ಎಂದರು. ಕೇಳಿದ್ದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಅಲ್ಲೇ ಬರೆದಿಡಬೇಕಂತೆ. ಹಳೆಯ ದಾಖಲೆಗಳಲ್ಲಿ ವಯಸ್ಸು ಹೇಗೂ ಸುಮಾರಿನದು. ಒಂದರಲ್ಲಿ 30 ಇದ್ದವರು ಹತ್ತು ವರ್ಷದ ನಂತರದ ಇನ್ನೊಂದರಲ್ಲಿ 36 ಆಗಿರುವುದುಂಟು!

ಹತ್ತು ತಲೆಮಾರು ಹಿಂದೆ ಹೋದರೆ ಆ ಒಂದು ಸಾಲಿನಲ್ಲೇ 1,024 ಮನೆಗಳು. ನನಗಿನ್ನೂ ನಾಲ್ಕನೆಯ ಸಾಲನ್ನೇ ದಾಟಲಾಗಿಲ್ಲ. ನಾಳೆ ಅಮ್ಮನ ಚಿಕ್ಕಪ್ಪನನ್ನು ನೋಡಲು ಹೋಗುತ್ತಿದ್ದೇನೆ. ಅವರಿಗೆ ಕಿವಿ ಮಂದ, ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ: ನಿಮ್ಮ ತಾಯಿಯ ಹೆಸರೇನು?