ಪಹಣಿಯ 11ನೇ ಕಾಲಂ

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಸಾಲ ಅಂದರೆ ಮೊದಲು ನೆನಪಾಗುವುದು ಸೊಸೈಟಿಯ ಬೆಳೆಸಾಲ. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಮೊದಲು 3 ಲಕ್ಷದವರೆಗೆ ಸಿಗುತ್ತಿತ್ತು, 2023ರಲ್ಲಿ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ಅಪ್ಪ ಪ್ರತಿ ವರ್ಷ ಎಲ್ಲಿಂದಲೋ ಹೊಂದಿಸಿ ಕಟ್ಟುತ್ತಾರೆ. ನಾಲ್ಕು ದಿನ ಬಿಟ್ಟು ಅಷ್ಟನ್ನೇ ಮತ್ತೆ ತೆಗೆಯುತ್ತಾರೆ. ತೆಗೆದದ್ದು ಎಷ್ಟೋ, ಕೊಡುವುದೂ ಅಷ್ಟೇ.

ನನ್ನ ಎಂಬಿಬಿಎಸ್ ಸಾಲವನ್ನೂ ಅವರು ಹೀಗೇ ಲೆಕ್ಕ ಹಿಡಿದಿದ್ದರು. ಎಂಟು ಲಕ್ಷ. ಯಾರು ಕೇಳಿದರೂ ಎಂಟು ಲಕ್ಷ. ಕೇಳಿದವರೂ, 'ಡಾಕ್ಟ್ರಾದ್ಮೇಲೆ ಅದೆಲ್ಲಾ ಒಂದು ವರ್ಷದ ಮಾತು ಬಿಡಿ ಭಟ್ರೇ' ಅನ್ನುತ್ತಿದ್ದರು. ಮಗಳು ಡಾಕ್ಟರ್ ಆಗುವ ಮನೆಯಲ್ಲಿ ಸಾಲದ ಮಾತು ಎತ್ತುವುದೇ ಅಪಶಕುನ ಎಂಬಂತಿತ್ತು.

ನಾನೀಗ ಹೌಸ್ ಸರ್ಜನ್, ಅಂದರೆ ಎಂಬಿಬಿಎಸ್‌ನ ಕೊನೆಗೆ ಆಸ್ಪತ್ರೆಯಲ್ಲಿ ಮಾಡುವ ತರಬೇತಿಯ ವರ್ಷ. ಘಟ್ಟದ ಮೇಲೆ, ಜಿಲ್ಲೆಯ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ. ಸೀಟು ಸರ್ಕಾರಿ ಕೋಟಾದ್ದು. ಆದರೂ ಫೀಸು, ಹಾಸ್ಟೆಲ್ಲು ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷದಂತೆ ನಾಲ್ಕು ಸಲ ಬ್ಯಾಂಕಿನಿಂದ ಬಿಡಿಸಿಕೊಂಡೆವು. ಈ ಮಳೆಗಾಲದಲ್ಲಿ ಬ್ಯಾಂಕಿನಿಂದ ಮನೆಗೆ ಕಾಗದ ಬಂತು. ಸಾಲ ಇದೆ ಎಂದು ಒಪ್ಪಿಕೊಂಡು ನಾನೂ ಅಪ್ಪನೂ ಬಂದು ಸಹಿ ಹಾಕಬೇಕಂತೆ. ಮೂರು ವರ್ಷ ಸುಮ್ಮನೆ ಬಿಟ್ಟರೆ ಕಾಯ್ದೆ ಪ್ರಕಾರ ಸಾಲ ವಸೂಲಿಗೆ ತೊಡಕಾಗುತ್ತದೆ, ಅದಕ್ಕೇ ಬ್ಯಾಂಕುಗಳು ಆಗಾಗ ಇಂಥ ಸಹಿ ತೆಗೆದುಕೊಳ್ಳುತ್ತವೆ. ಕಾಗದದ ಕೊನೆಯಲ್ಲಿ ಒಟ್ಟು ಬಾಕಿ ಇತ್ತು. 10 ಲಕ್ಷದ 40 ಸಾವಿರ ಚಿಲ್ಲರೆ.

ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು. "ತಂಗೀ, ಎಂಟು ತಾನೇ ತೆಗೆದದ್ದು?"

ರಜೆ ಹಾಕಿ ಬಂದೆ. ಅವತ್ತೇ ತೋಟಕ್ಕೆ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಬರುವವನಿದ್ದ. ನಾಲ್ಕು ದಿನ ಮಳೆ ಹಿಡಿದು ಬಿಟ್ಟಿತ್ತು, ಈಗ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಖಾತ್ರಿ. ಅಪ್ಪನ ಅರ್ಧ ಮನಸ್ಸು ಅಡಿಕೆ ಮರದ ತುದಿಯಲ್ಲೇ ಇತ್ತು. ಬಸ್ಸಿನಲ್ಲಿ ಶಿರಸಿ ಮುಟ್ಟುವವರೆಗೂ ಮಾತಿಲ್ಲ.

ಮ್ಯಾನೇಜರ್ ಒಳ್ಳೆಯವರು. "ಬನ್ನಿ ಡಾಕ್ಟ್ರೇ" ಎಂದು ಕುರ್ಚಿ ಎಳೆದರು. ಐದು ವರ್ಷದ ಹಿಂದೆ ಇದೇ ಟೇಬಲ್ಲಿನ ಮುಂದೆ ನಾವಿಬ್ಬರೂ ನಿಂತೇ ಇದ್ದೆವು. ಆಗ ಇದ್ದವರು ಬೇರೆ, ಅದು ಬಿಡಿ. ಇವರು ಮೊದಲು ತಮ್ಮ ಮಂಡಿನೋವಿನ ಕಥೆ ಹೇಳಿ ಮುಗಿಸಿದರು. ಆಮೇಲೆ ನಾನು ನನ್ನ ನೋವಿಗೆ ಬಂದೆ.

ವಿದ್ಯಾಭ್ಯಾಸ ಸಾಲಕ್ಕೆ ಓದುವಷ್ಟು ಕಾಲ, ಓದು ಮುಗಿದ ಮೇಲೂ ಒಂದು ವರ್ಷ, ಕಂತು ಕಟ್ಟಬೇಕಾಗಿಲ್ಲ. ಮೊರಟೋರಿಯಂ ಅಂತಾರೆ. ಕಂತು ಇಲ್ಲದಿದ್ದರೂ ಬಡ್ಡಿ ಮೊದಲ ಚೆಕ್ ಹೋದ ದಿನದಿಂದಲೇ ಓಡುತ್ತಿರುತ್ತದೆ. ಬಿ.ಕಾಂ. ಓದುವವರಿಗೆ ಇದು ಮೂರು ನಾಲ್ಕು ವರ್ಷದ ಮಾತು. ನಮಗೆ ಹೌಸ್ ಸರ್ಜನ್ಸಿ ಸೇರಿ ಐದೂವರೆ, ಮೇಲೊಂದು, ಒಟ್ಟು ಆರೂವರೆ ವರ್ಷ. ಲೆಕ್ಕಕ್ಕೆ ಸುಲಭವಾಗಲಿ ಎಂದು ಬಡ್ಡಿ ಶೇಕಡ 10 ಇಟ್ಟುಕೊಳ್ಳಿ. ಮೊದಲ ವರ್ಷ ತೆಗೆದ ಎರಡು ಲಕ್ಷಕ್ಕೆ ಆರೂವರೆ ವರ್ಷದ ಬಡ್ಡಿ, ಎರಡನೆಯದಕ್ಕೆ ಐದೂವರೆ ವರ್ಷದ್ದು, ಹೀಗೆ. ಕೂಡಿಸಿದರೆ ಬಡ್ಡಿಯೇ 4 ಲಕ್ಷ. ಮೊದಲ ಕಂತು ಕಟ್ಟುವ ದಿನ 8 ಲಕ್ಷದ ಸಾಲ 12 ಲಕ್ಷ ಆಗಿರುತ್ತದೆ. ಆಮೇಲೆ ಬಡ್ಡಿ ಓಡುವುದು ಈ 12ರ ಮೇಲೆ. ಹತ್ತು ವರ್ಷಕ್ಕೆ ಹಾಕಿದರೆ ತಿಂಗಳಿಗೆ ಸುಮಾರು 15,860 ರೂಪಾಯಿ ಕಂತು. ಹದಿನೈದು ವರ್ಷಕ್ಕೆ ಹಾಕಿದರೆ 12,900ರ ಹತ್ತಿರ. ಕಂತು ಮೂರು ಸಾವಿರ ಇಳಿಯಿತು ಎಂದು ಖುಷಿಪಡುವ ಹಾಗಿಲ್ಲ, ಒಟ್ಟು ಕಟ್ಟುವುದು 19 ಲಕ್ಷದಿಂದ 23 ಲಕ್ಷಕ್ಕೆ ಹೋಗುತ್ತದೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ಚೀಲದಿಂದ ಪಹಣಿ ತೆಗೆದು ಟೇಬಲ್ಲಿನ ಮೇಲಿಟ್ಟರು. "ಇದು ಯಾವಾಗ ಹೋಗ್ತು?" ಅಂದರು.

ಪಹಣಿಯ 11ನೇ ಕಾಲಮ್ಮಿನಲ್ಲಿ ಋಣಗಳು ಬರುತ್ತವೆ. ನಮ್ಮ ಇಪ್ಪತ್ತು ಗುಂಟೆ ತೋಟದ ಪಹಣಿಯಲ್ಲಿ ಸೊಸೈಟಿಯ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ನಮೂದು, ಮೊದಲಿನಿಂದ ಇದೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದರ ಕೆಳಗೆ ಈ ಬ್ಯಾಂಕಿನ ಎಂಟು ಲಕ್ಷದ ಬೋಜಾ ಕೂತಿದೆ. ಅಪ್ಪನಿಗೆ ಹತ್ತು ಲಕ್ಷಕ್ಕಿಂತ ಆ ಒಂದು ಸಾಲೇ ಜಾಸ್ತಿ ಚುಚ್ಚುತ್ತಿತ್ತು. ಯಾರು ಬೇಕಾದರೂ ಸರ್ವೆ ನಂಬರ್ ಹಾಕಿ ನೋಡಬಹುದು, ಅಲ್ವಾ?

ಇಲ್ಲೊಂದು ಮಾತು ಹೇಳಲೇಬೇಕು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ಜಾಮೀನೂ ಬೇಡ. ಏಳೂವರೆ ಲಕ್ಷದವರೆಗೆ ಜಾಮೀನುದಾರರು ಸಾಕು. ಆಸ್ತಿ ಅಡವಿಡುವ ಮಾತು ಬರುವುದು ಏಳೂವರೆ ದಾಟಿದ ಮೇಲೆ. ನಾವು ಕೇಳಿದ್ದು ಎಂಟು. ಐವತ್ತು ಸಾವಿರ ಕಡಿಮೆ ಬರೆದಿದ್ದರೆ ತೋಟದ ಕಾಗದ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಅರ್ಜಿ ತುಂಬಿಸಿದವರು ಯಾರೂ ಅವತ್ತು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಸಾಲಕ್ಕೆ ಹೊರಟಿರುವ ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನೀಗ ಮೊದಲು ಹೇಳುವುದು ಇದನ್ನೇ. ಎರಡನೆಯದು, ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಇದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕೊಡುವ ಯೋಜನೆ 2009ರಿಂದ ಇದೆ, ನಿಮಗೆ ಸಿಗುತ್ತದಾ ಎಂದು ಸಾಲ ತೆಗೆಯುವಾಗಲೇ ಕೇಳಿ.

ಈಗಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಬರಬೇಕು ಎಂದು ನಾನು ಯೋಚಿಸಿಕೊಂಡು ಹೋಗಿದ್ದೆ. ಎಂಟು ಲಕ್ಷಕ್ಕೆ ವರ್ಷದ ಬಡ್ಡಿ 80 ಸಾವಿರ, ತಿಂಗಳಿಗೆ 6,700ರ ಸುತ್ತಮುತ್ತ. ನನ್ನ ಸ್ಟೈಪೆಂಡ್ ಸರ್ಕಾರಿ ಕಾಲೇಜಿನ ಗೆಳತಿಯರದ್ದಕ್ಕಿಂತ ಕಡಿಮೆ. ಅದೂ ತಿಂಗಳು ತಿಂಗಳು ಬರುವುದಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುತ್ತದೆ. ಬಿದ್ದ ದಿನ ಇಡೀ ಹಾಸ್ಟೆಲ್ ಬಿರಿಯಾನಿ ತರಿಸುತ್ತದೆ, ಮೂವತ್ತಾರು ಗಂಟೆ ಡ್ಯೂಟಿ ಮಾಡಿದವರಿಗೆ ಉಪದೇಶ ಹೇಳುವ ಧೈರ್ಯ ನನಗಂತೂ ಇಲ್ಲ.

ಸಹಪಾಠಿಯೊಬ್ಬ ಇದಕ್ಕೆ ಅಡ್ಡ ಹೇಳಿದ್ದ. ವಿದ್ಯಾಭ್ಯಾಸ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಅಡಿ ತೆರಿಗೆ ವಿನಾಯಿತಿ ಇದೆ, ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದ ಒಟ್ಟು ಎಂಟು ವರ್ಷ ಮಾತ್ರ. ತೆರಿಗೆಯೇ ಬಾರದ ಸ್ಟೈಪೆಂಡಿನಲ್ಲಿ ಈಗ ಕಟ್ಟಿದರೆ ಆ ಎಂಟರಲ್ಲಿ ಒಂದು ವರ್ಷ ದಂಡ ಎಂಬುದು ಅವನ ವಾದ. ಲೆಕ್ಕ ಸರಿಯೇ. ಆದರೆ ಆ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಪಿಜಿ, ಅಂದರೆ ಸ್ನಾತಕೋತ್ತರ ಓದು, ಮುಗಿಯುವವರೆಗೆ ನಮ್ಮಂಥವರು ಅಲ್ಲಿಗೆ ಮುಟ್ಟುವುದೂ ಇಲ್ಲ. ಅಪ್ಪ ಕಟ್ಟಿದರೂ ಅಷ್ಟೇ, ಕೃಷಿ ಆದಾಯಕ್ಕೆ ಮೊದಲೇ ತೆರಿಗೆ ಇಲ್ಲ. ಇಲ್ಲದ ತೆರಿಗೆ ಉಳಿಸಲು ಇಷ್ಟು ಚರ್ಚೆ ಯಾಕೆ?

ಮ್ಯಾನೇಜರ್ ಹೇಳಿದ್ದು ಬೇರೆ. ಮೊರಟೋರಿಯಂ ಕಾಲದಲ್ಲಿ ಇರುವುದು ಸರಳ ಬಡ್ಡಿ, ಬಡ್ಡಿಗೆ ಬಡ್ಡಿ ಇಲ್ಲ. ಇವತ್ತು ಕಟ್ಟಿದರೂ ಒಂದೇ, ಗಡುವು ಮುಗಿಯುವ ಹಿಂದಿನ ತಿಂಗಳು ಕಟ್ಟಿದರೂ ಒಂದೇ. ಮೊದಲಿನಿಂದ ಬಡ್ಡಿ ಕಟ್ಟುತ್ತಾ ಬಂದವರಿಗೆ ಶೇಕಡ 1ರಷ್ಟು ರಿಯಾಯಿತಿ ಕೊಡುವುದುಂಟು, ನಮಗೆ ಆ ಕಾಲ ದಾಟಿತು. "ಹಾಗಾಗಿ ತಿಂಗಳು ತಿಂಗಳು ಕಟ್ಟುವ ಠೇವಣಿ, ಆರ್‌ಡಿ ಮಾಡಿ ಡಾಕ್ಟ್ರೇ. ನಡುವೆ ಮನೆಯಲ್ಲಿ ಏನಾದರೂ ಆದರೆ ಕೈಗೆ ಸಿಗುತ್ತದೆ. ಸಾಲಕ್ಕೆ ಕಟ್ಟಿದ್ದು ವಾಪಸ್ ಬರುವುದಿಲ್ಲ." ಈ ಮಾತು ನನಗೆ ಹಿಡಿಸಿತು. ಸರಳ ಬಡ್ಡಿ ಹೌದೋ ಅಲ್ಲವೋ ಎಂದು ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆ, ಹೌದು. ನೀವೂ ನೋಡಿಯೇ ನಂಬಿ.

ಅಷ್ಟು ಒಳ್ಳೆಯ ಸಲಹೆ ಕೊಟ್ಟವರು ಕೊನೆಗೆ ಡ್ರಾಯರಿನಿಂದ ಒಂದು ಬಣ್ಣದ ಹಾಳೆ ತೆಗೆದರು. ಡಾಕ್ಟರಿಗೆಂದೇ ಇರುವ ಪಾಲಿಸಿಯಂತೆ, ಉಳಿತಾಯವೂ ಆಯಿತು, ವಿಮೆಯೂ ಆಯಿತು. ನನಗೆ ವಿಮೆ ಬೇಕು ಎಂಬುದು ನಿಜ. ನಾನು ಇಲ್ಲದಿದ್ದರೆ ಸಾಲ ಅಪ್ಪನ ತಲೆಗೆ, ಅಲ್ಲಿಂದ ತೋಟಕ್ಕೆ. ಅದಕ್ಕೆ ಸಾಲದಷ್ಟು ಮೊತ್ತದ, ಉಳಿತಾಯ ಸೇರದ ಬರೀ ಟರ್ಮ್ ಪಾಲಿಸಿ ಸಾಕು. ಹಾಗಂತ ಹೇಳಿದೆ. ಅವರು ಹಾಳೆಯನ್ನು ಮತ್ತೆ ಒಳಗಿಟ್ಟರು, ಬೇಸರ ಮಾಡಿಕೊಳ್ಳಲಿಲ್ಲ.

ಹೊರಗೆ ಬಂದ ಮೇಲೆ ಅಪ್ಪ ತಮ್ಮ ಲೆಕ್ಕ ತೆಗೆದರು. ಮನೆಯಲ್ಲಿ ಒಣಗಿಸಿ ಇಟ್ಟಿರುವ ಚಾಲಿ ಅಡಿಕೆಯನ್ನು ಪೂರಾ ಮಾರಿ ಒಂದಷ್ಟು ತೀರಿಸಿಬಿಡೋಣ ಎಂದು. ನಾನು ಒಪ್ಪಲಿಲ್ಲ. ಈ ವರ್ಷ ಕೊಳೆ ಬಂದರೆ ಮುಂದಿನ ವರ್ಷದ ಊಟ ಆ ಚಾಲಿಯೇ. ಎಲೆಚುಕ್ಕೆ ರೋಗ ಬೇರೆ ಪಕ್ಕದ ತೋಟಗಳವರೆಗೆ ಬಂದಿದೆ. ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಜಗಳವೇ ಆಯಿತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಸಾಲ ನನ್ನದು, ಆರ್‌ಡಿ ನಾನು ಕಟ್ಟುವುದು. ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಮಾತ್ರ ಅವರು ಸ್ವಲ್ಪ ಸೇರಿಸುವುದು. ಅದೂ ನನ್ನನ್ನು ಕೇಳಿ.

ಪಿಜಿಯ ಮಾತು ಆಯಿ, ಅಂದರೆ ಅಮ್ಮ, ರಾತ್ರಿ ಎತ್ತಿದರು. ಸೀಟು ಸಿಕ್ಕರೆ ಇನ್ನೂ ಮೂರು ವರ್ಷ. ಅಲ್ಲಿಯ ಸ್ಟೈಪೆಂಡಿನಲ್ಲಿ ಕಂತು ಕಟ್ಟಲಾದೀತು, ಆದರೆ ಖಾಸಗಿ ಸೀಟಿಗೆ ಹೊಸ ಸಾಲ ಬೇಡ ಎಂದು ನಾನು ಖಂಡಿತವಾಗಿ ಹೇಳಿದೆ. ಸರ್ಕಾರಿ ಸೀಟು ಸಿಗದಿದ್ದರೆ ಅಂಕೋಲೆಯಲ್ಲೋ ಹೊನ್ನಾವರದಲ್ಲೋ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಕೇಳುವುದು. ಕರಾವಳಿಯವರು ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೆ, ನಮ್ಮ ಕಡೆಯವರು ಹುಬ್ಬಳ್ಳಿಗೆ ಓಡುತ್ತಾರೆ. ಊರಿನ ಮಕ್ಕಳು ಇಲ್ಲೇ ನಿಲ್ಲಬೇಕು ಎಂದು ಎಲ್ಲರೂ ಹೇಳುತ್ತಾರೆ. ನಿಲ್ಲಬೇಕೆಂದರೆ ಕಂತು ಚಿಕ್ಕದಿರಬೇಕು ಎಂದು ಯಾರೂ ಹೇಳುವುದಿಲ್ಲ.

ಆರ್‌ಡಿಯ ಮೊದಲ ಕಂತು ಹೋಗಿದೆ. ಎರಡನೆಯದು ಸ್ಟೈಪೆಂಡ್ ಬಂದ ಮೇಲೆ.